ಆಚೆ ದಡದಿಂದ ಬಂದ ‘ಹ’

ತುಂಬಿದ ಹೊಳೆ ಮನುಷ್ಯರ ದನಿಯಲ್ಲಿ ಕೂಗುತ್ತದೆ, ಓಗೊಟ್ಟವನನ್ನು ಎಳೆದುಕೊಳ್ಳುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ನಾನು ನಂಬಿದವನಲ್ಲ. ಗಂಜಾಂನ ಕೆಳಗೆ ಕಾವೇರಿ ತಿರುಗುವ ಕಡೆ ನಲವತ್ತು ವರ್ಷ ಹರಿಗೋಲು ಹಾಕಿದವನು ನಾನು. ಹೊಳೆ ಕೂಗುವುದು ನಿಜವಾದರೆ ಮೊದಲು ನನಗೇ ಕೇಳಬೇಕಿತ್ತಲ್ಲ, ಹೆಂಡ ಕುಡಿದವರಿಗೆ ಮಾತ್ರ ಯಾಕೆ ಕೇಳುತ್ತದೆ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಇದರ ಕಾಗುಣಿತ ತಿದ್ದಿದವಳು ನನ್ನ ಮೊಮ್ಮಗಳು ಜಯಿ. ಮಾತು ಮಾತ್ರ ಮುಟ್ಟಬೇಡ ಎಂದು ಹೇಳಿದ್ದೇನೆ.

ಆ ಮೊಮ್ಮಗಳ ವಿಷಯ ಮೊದಲು ಹೇಳಿಬಿಡಬೇಕು. ಹೇಳದಿದ್ದರೆ ನನಗೆ ತಡೆಯುವುದಿಲ್ಲ.

ಜಯಿ ನನ್ನ ಹರಿಗೋಲಿನಲ್ಲೇ ಬೆಳೆದ ಮಗು. ಶ್ರೀರಂಗಪಟ್ಟಣದಲ್ಲಿ ಹೈಸ್ಕೂಲು ಮುಗಿಸಿ ಮೈಸೂರಿಗೆ ಕಾಲೇಜಿಗೆ ಹೋದಳು. ಮೊದಲ ರಜಕ್ಕೆ ಬಂದವಳು ಅಳುತ್ತ ಬಂದಳು. ನಮ್ಮ ಕಡೆಯವರ ನಾಲಿಗೆಗೆ ‘ಹ’ ಹತ್ತುವುದಿಲ್ಲ. ಹಾಲು ಎಂದರೆ ಆಲು, ಹೊಲ ಎಂದರೆ ಒಲ, ಹರಿಗೋಲು ಎಂದರೆ ಅರ್ಗೋಲು. ಇಂಗ್ಲಿಷ್ ಪಾಠದಲ್ಲಿ ಎದ್ದು ನಿಂತು ‘ಹೌಸ್’ ಅನ್ನುವುದನ್ನು ‘ಔಸ್’ ಎಂದಳಂತೆ. ಇಡೀ ಕ್ಲಾಸು ನಕ್ಕಿತಂತೆ. ಆ ರಜವೆಲ್ಲ ಅವಳು ಹೊಳೆ ದಡದ ಕಲ್ಲಿನ ಮೇಲೆ ಕೂತು, ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ಕೈಗೆ ತಾಗುವ ಹಾಗೆ ‘ಹ, ಹ, ಹರಿಗೋಲು, ಹರಿಗೋಲು’ ಎನ್ನುತ್ತಿದ್ದಳು. ನೀರಲ್ಲಿ ಮಲಗಿದ್ದ ಎಮ್ಮೆಗಳು ತಲೆ ಎತ್ತಿ ನೋಡುತ್ತಿದ್ದವು. “ಈ ಮಗೀಗೆ ದಮ್ಮು ಸುರುವಾಗ್ಬುಟ್ಟದೆ, ಡಾಕ್ಟ್ರತ್ರ ಕರ್ಕೊಂಡೋಗಿ” ಎಂದು ನನ್ನ ಹೆಂಡತಿ ಚೌಡಮ್ಮ ಎರಡು ದಿನ ಗೋಳಾಡಿದಳು.

ದಮ್ಮಲ್ಲ, ಅದು ಹಟ. ಅದೇ ಹುಡುಗಿ ಇಂಗ್ಲಿಷಿನಲ್ಲಿ ಪಾಸು ಮಾಡಿ, ಮೈಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಮೇಡಮ್ಮಾದಳು. ಅಲ್ಲಿ ಪರದೇಶದ ಒಬ್ಬ ಹೆಂಗಸು ಕೆಲಸಕ್ಕಿದ್ದರು. ಅವರ ಅಣ್ಣ ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಬೇಸಿಗೆ ರಜದ ಬಿಡಾರ ನಡೆಸುತ್ತಿದ್ದರಂತೆ. ನಾಲ್ಕೈದು ದೇಶದ ಮಕ್ಕಳು ಅಲ್ಲಿಗೆ ಬಂದು ಎರಡು ತಿಂಗಳು ಇದ್ದು, ಆಡುತ್ತಾ ಇಂಗ್ಲಿಷ್ ಕಲಿತು ಹೋಗುತ್ತಾರೆ. ಅದಕ್ಕೆ ಮೇಡಮ್ಮು ಬೇಕು ಎಂದು ಜಯಿಯನ್ನು ಕರೆದರು. ಹೋಗಿಬರುವ ಖರ್ಚೆಲ್ಲ ಅವರದೇ. ಎಪ್ಪತ್ತೊಂದೋ ಎಪ್ಪತ್ತೆರಡೋ ಇಸವಿ ಇರಬೇಕು, ನಮ್ಮ ಮೊಮ್ಮಗಳು ವಿಮಾನ ಹತ್ತಿದಳು.

ನಾನು ಆಗ ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಪಾಂಡವಪುರದ ಸಂತೆಯಲ್ಲಿ ಹೇಳಿದೆ, ಕೆ.ಆರ್. ಪೇಟೆಯ ನೆಂಟರ ಮನೆಗಳಿಗೆ ಕೆಲಸವಿಲ್ಲದಿದ್ದರೂ ಹೋಗಿ ಹೇಳಿ ಬಂದೆ. ನಾಗಮಂಗಲದ ಒಂದು ಮದುವೆಯಲ್ಲಿ ನನ್ನ ತಂಗಿಯ ಮಗ ಊಟದ ಪಂಕ್ತಿಯಲ್ಲೇ ಹಿಡಿದುಕೊಂಡ.

“ಬಿಳೀ ಜನಕ್ಕೆ ಇಂಗ್ಲಿಷ್ ಏಳ್ಕೊಡಕ್ಕೆ ಗಂಜಾಂನಿಂದ ಓಗ್ಬೇಕಾ ಮಾವ? ಯಾರ್ಗ್ ಕತೆ ಕಟ್ತೀಯೆ?”

“ಬಿಳೀ ಜನ್ವೆಲ್ಲ ಇಂಗ್ಲಿಷ್ನೋರಲ್ಲ ಕಣ್ಲಾ. ಅವ್ರಿಗೂ ನಿನ್ನಂಗೇ ಏನೂ ಬರಕಿಲ್ಲ” ಎಂದೆ. ಪಂಕ್ತಿ ಪೂರ್ತಿ ನಕ್ಕಿತು. ಆ ದಿನ ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಇನ್ನು ಹರಿಗೋಲಿನ ಕಟ್ಟಳೆ ಒಂದಿದೆ, ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಆಚೆ ದಡಕ್ಕೆ ಬಂದವರು “ಓ... ಅರ್ಗೋಲೂ...” ಎಂದು ಕೂಗುತ್ತಾರೆ. ಈಚೆಯಿಂದ ನಾನು “ಓ... ನಿಂತ್ಕೋ, ಬಂದೆ” ಎಂದು ಓಗೊಡುತ್ತೇನೆ. ಅದು ಕಿವಿಗೆ ಬಿದ್ದ ಮೇಲೆ ಕೂಗಿದವರು ನಿಂತ ಜಾಗ ಬಿಟ್ಟು ಕದಲಬಾರದು. ಯಾಕೆಂದರೆ ನಾನು ದನಿ ಬಂದ ಜಾಗ ಗುರುತು ಹಿಡಿದು, ಹರಿಗೋಲನ್ನು ಅಷ್ಟು ದೂರ ಮೇಲಕ್ಕೆ ಎಳೆದುಕೊಂಡು ಹೋಗಿ ನೀರಿಗೆ ಬಿಡುತ್ತೇನೆ. ಸೆಳವು ತಳ್ಳಿಕೊಂಡು ಸರಿಯಾಗಿ ಅಲ್ಲಿಗೇ ತರುತ್ತದೆ. ಅವರ ಕಟ್ಟಳೆ ಕದಲದಿರುವುದು. ನನ್ನ ಕಟ್ಟಳೆ, ಬಂದೆ ಎಂದ ಮೇಲೆ ಹೋಗಿಯೇ ತೀರುವುದು. ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಜಯಿ ಹೋಗಿ ತಿಂಗಳ ಮೇಲಾಗಿತ್ತು. ಅವತ್ತು ಭೀಮನ ಅಮಾವಾಸ್ಯೆ. ಮನೆಯಲ್ಲಿ ಕಡುಬು ತಿಂದು ಸಂಜೆ ಆರು ಗಂಟೆಯ ಹೊತ್ತಿಗೆ ದಡಕ್ಕೆ ಬಂದೆ. ಇನ್ನೂ ಚೆನ್ನಾಗಿ ಬೆಳಕಿತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ದಡದ ಹೊಂಗೆ ಮರಗಳ ಬುಡದವರೆಗೆ ಬಂದಿತ್ತು. ಮೂರು ದಿನದಿಂದ ಹರಿಗೋಲು ಬೋರಲು ಹಾಕಿದ್ದೆ. ಪಕ್ಕದ ಮನೆಯ ಕಾಳಯ್ಯ ಬೀಡಿ ಸೇದುತ್ತ ಕೂತಿದ್ದ.

ಆಗ ಆಚೆಯಿಂದ ಕೂಗು ಬಂತು. ಎಳೆ ಮಗುವಿನ ದನಿ. “ಹರಿಗೋಲೂ...”

ನಾನು ಎದ್ದು ನಿಂತೆ. ಮಗು ಕೂಗಿದ್ದು ಆಶ್ಚರ್ಯವಲ್ಲ. ಅದು ‘ಹ’ ಎಂದಿತು. ಉಸಿರೆಲ್ಲ ಕೂಡಿಸಿ, ಎದೆಯಿಂದ ನೂಕಿದ ಹಾಗೆ. ನಮ್ಮ ಆಚೆ ದಡದಲ್ಲಿ ಅರ್ಗೋಲು ಎನ್ನುವವರೇ ಹೊರತು ಹರಿಗೋಲು ಎನ್ನುವ ನರಪಿಳ್ಳೆ ಇಲ್ಲ. ಇನ್ನೊಂದು ಸಲ ಬಂತು. ಈ ಸಲ ದನಿಯಲ್ಲಿ ಅಳು ಇತ್ತು. ಮಗು ದಾರಿ ಕಾಣದೆ ನೀರಿಗೆ ಇಳಿದುಬಿಟ್ಟರೆ? ನನ್ನ ಬಾಯಿ ನನ್ನನ್ನು ಕೇಳಲಿಲ್ಲ. “ಓ... ನಿಂತ್ಕೋ ಮಗಾ. ಅಲ್ಲೇ ನಿಂತ್ಕೋ. ಬಂದೆ” ಎಂದುಬಿಟ್ಟೆ.

ಕಾಳಯ್ಯ ಬೀಡಿ ಕೆಳಗೆ ಇಳಿಸಿದ. “ಯಾರ್ಗಣ್ಣ ಕೂಗ್ತಿದ್ದೀಯೆ?”

“ಮಗ ಕೂಗ್ತಾ ಅದೆ, ಕೇಳ್ನಿಲ್ವಾ?”

“ನಂಗೇನೂ ಕೇಳ್ನಿಲ್ಲ. ಬುಡಣ್ಣ, ಒಳೆ ಕೂಗ್ತಾ ಅದೆ.”

ನಮ್ಮಪ್ಪನ ಮಾತು ಇವನ ಬಾಯಲ್ಲಿ. ಆದರೆ ಬಂದೆ ಎಂದಾಗಿತ್ತು. ಹರಿಗೋಲು ಹೊತ್ತು ಎರಡು ಹೊಲದಷ್ಟು ಮೇಲಕ್ಕೆ ನಡೆದೆ. ಚೌಡಮ್ಮ ಓಡಿ ಬಂದು ಕಾಳಯ್ಯನ ಮೇಲೆ ಬಿದ್ದಳು: “ಈ ಮುದುಕಂಗೆ ಸಾಯೋ ಕಾಲ ಬಂದದೆ, ನೀನಾರ ಇಡ್ಕೊಳಯ್ಯ.” ಅವನು ಹಿಡಿಯುವ ಹೊತ್ತಿಗೆ ನಾನು ನೀರಿನಲ್ಲಿದ್ದೆ.

ಆ ದಾಟುವಿಕೆಯನ್ನು ಬಣ್ಣಿಸಲಾರೆ. ಹರಿಗೋಲು ಬುಗುರಿಯ ಹಾಗೆ ತಿರುಗಿತು. ಒಂದು ಮರದ ದಿಮ್ಮಿ ಗೇಣು ದೂರದಲ್ಲಿ ಹಾದುಹೋಯಿತು. ಹುಟ್ಟು ಹಾಕಿ ಹಾಕಿ ತೋಳು ಸತ್ತುಹೋಯಿತು. ಕೊನೆಗೆ ದನಿ ಬಂದ ಜಾಗಕ್ಕೇ ಹೋಗಿ ತಾಗಿದೆ. ಅಲ್ಲಿ ಯಾರೂ ಇರಲಿಲ್ಲ. ಮೆಕ್ಕಲು ಮಣ್ಣು ಹಪ್ಪಳದ ಹಿಟ್ಟಿನಂತೆ ನುಣ್ಣಗಿತ್ತು, ಒಂದು ಹೆಜ್ಜೆ ಗುರುತೂ ಇಲ್ಲ. ಊರೊಳಗೆ ಹೋಗಿ ಮನೆಮನೆ ಕೇಳಿದೆ. ಎಲ್ಲರ ಮಕ್ಕಳೂ ಅವರವರ ಮನೆಯಲ್ಲೇ ಇದ್ದವು. ಮಾರನೆಯ ದಿನ ನೀರು ಇಳಿದ ಮೇಲೆ ತಲೆ ತಗ್ಗಿಸಿಕೊಂಡು ವಾಪಸು ಬಂದೆ. ಹದಿನೈದು ದಿನ ಕಾಳಯ್ಯ ನನ್ನನ್ನು ಕಂಡಾಗಲೆಲ್ಲ “ಅಣ್ಣ, ಏನಾರ ಕೇಳ್ತಾ?” ಎನ್ನುತ್ತಿದ್ದ.

ಆಮೇಲೆ ಜಯಿಯ ಕಾಗದ ಬಂತು. ನಮ್ಮ ಬೀದಿಯ ಶಾಲೆಯ ಮೇಷ್ಟ್ರು ಓದಿದರು. ಆ ಮಕ್ಕಳಲ್ಲಿ ಬಹಳ ಜನಕ್ಕೆ ‘ಹ’ ಬರುವುದಿಲ್ಲವಂತೆ. ಅವರೂ ‘ಔಸ್’ ಎನ್ನುತ್ತಾರಂತೆ. ಇವಳಿಗೆ ತವರಿಗೆ ಬಂದ ಹಾಗಾಯಿತಂತೆ. ಬಾಯಿಯ ಮುಂದೆ ಅಂಗೈ ಹಿಡಿಸಿ, ಹರಿಗೋಲು ಎನ್ನುವುದನ್ನೇ ಹೇಳಿಸಿ ‘ಹ’ ಕಲಿಸಿದಳಂತೆ. ಅದನ್ನೇ ಆಟವನ್ನೂ ಮಾಡಿದಳು. ಒಂದು ಮಗು ದೂರ ಹೋಗಿ ಹರಿಗೋಲು ಎಂದು ಕೂಗಬೇಕು, ಉಳಿದವರು “ನಿಂತ್ಕೋ, ಬಂದೆ” ಎನ್ನಬೇಕು, ಬಂದು ಮುಟ್ಟುವವರೆಗೆ ಕೂಗಿದ ಮಗು ಕಲ್ಲಿನ ಹಾಗೆ ನಿಲ್ಲಬೇಕು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ತಟ್ಟೆ ತೊಳೆಯುವ ಶಿಕ್ಷೆ. ಆದರೆ ಇದನ್ನು ಎಲ್ಲರೂ ಇಂಗ್ಲಿಷ್ ಎಂದೇ ತಿಳಿದಿದ್ದರಂತೆ. ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. ನನ್ನ ಎದೆ ಹೊಳೆಯಷ್ಟು ಅಗಲವಾಯಿತು.

ಆದರೆ ಕಾಗದ ಅಲ್ಲಿಗೆ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ, ಒಂದೂವರೆ ಗಂಟೆಯ ಹೊತ್ತಿಗೆ, ಮಂಜು ಇಳಿದು ಏಳು ವರ್ಷದ ಒಬ್ಬ ಹುಡುಗ ಕಾಣೆಯಾದ. ಗಂಟೆ ಹೊತ್ತು ಹುಡುಕಿದರು. ಒಂದು ಬಂಡೆಯ ತುದಿಯಲ್ಲಿ ಅಲುಗದೆ ನಿಂತಿದ್ದ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಪ್ರಪಾತ. ಹರಿಗೋಲು ಎಂದು ಕೂಗಿದೆ, ಕೆಳಗಿನಿಂದ ಒಬ್ಬ ತಾತ “ನಿಂತ್ಕೋ” ಎಂದ, ಅದಕ್ಕೇ ನಿಂತೆ ಎಂದನಂತೆ. “ಬೆಟ್ಟದ ಮಾರ್ದನಿ ಇರಬೇಕು, ತಾತ” ಎಂದು ಜಯಿ ನನಗೆ ಬರೆದಿದ್ದಳು.

ಮೇಷ್ಟ್ರು ಅವಳು ಬರೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ನೋಡಿದರು. ಭೀಮನ ಅಮಾವಾಸ್ಯೆ. ಆದರೂ ಸಮಾಧಾನ ಹೇಳಿಕೊಂಡೆ: ಅಲ್ಲಿ ಮಧ್ಯಾಹ್ನ ಒಂದೂವರೆ, ನನಗೆ ಕೇಳಿದ್ದು ಸಂಜೆ ಆರು, ತಾಳೆಯಾಗುವುದಿಲ್ಲ. ಮೇಷ್ಟ್ರು, “ಅವ್ರಿಗೆ ಸೂರ್ಯ ನಾಲ್ಕೂವರೆ ಗಂಟೆ ತಡವಾಗಿ ಹುಟ್ತಾನೆ ಕಣಯ್ಯ” ಎಂದರು. ಬೆರಳು ಮಡಿಸಿ ಎಣಿಸಿದೆ. ಎರಡು ಸಲ ಎಣಿಸಿದೆ.

ನನಗೆ ಏನೂ ಗೊತ್ತಿಲ್ಲ. ಆಚೆ ದಡದಲ್ಲಿ ಯಾರದೋ ನೆಂಟರ ಮಗು ಬಂದು ಹೋಗಿರಬಹುದು. ಅಲ್ಲಿ ಉಳಿದ ಮಕ್ಕಳು ಕೂಗಿದ್ದು ಆ ಹುಡುಗನಿಗೆ ತಾತನ ದನಿಯಂತೆ ಕೇಳಿರಬಹುದು. ಆದರೆ ಮಾರ್ದನಿ ಮಾತ್ರ ಅಲ್ಲ. ಅದನ್ನು ಈ ಹೊಳೆಯ ಮೇಲೆ ನಾನು ಬೇಕಾದಷ್ಟು ಕೇಳಿದ್ದೇನೆ. ಹರಿಗೋಲು ಎಂದರೆ ಹರಿಗೋಲು ಎಂದೇ ತಿರುಗಿ ಬರುತ್ತದೆ, ನಿಂತ್ಕೋ ಎಂದು ಬರುವುದಿಲ್ಲ.

ಜಯಿ ಊರಿಗೆ ಬಂದ ಮೇಲೆ ಹರಿಗೋಲಿನಲ್ಲಿ ಕೂತು ಇನ್ನೊಂದು ಮಾತು ಹೇಳಿದಳು. ಸಿಕ್ಕಿದ ಮೇಲೂ ಆ ಹುಡುಗ ಬಂಡೆ ಬಿಟ್ಟು ಬರಲಿಲ್ಲವಂತೆ. “ತಾತ ಬಂದೆ ಅಂದವ್ರೆ, ಅವ್ರು ಬಂದು ಮುಟ್ಟೋವರ್ಗೂ ಬರಲ್ಲ ಅಂತ ಹಟ ಮಾಡ್ದ, ತಾತ.”

“ಆಮೇಕೆ?”

“ನಾನೇ ಓಗಿ ಮುಟ್ಟಿದೆ. ಆವಾಗ ಕೈ ಇಡ್ಕೊಂಡ.”

ಅಷ್ಟು ಕಷ್ಟಪಟ್ಟು ಕಲಿತ ‘ಹ’ವನ್ನು ಅವಳು ಆ ಹೊತ್ತು ಮರೆತಿದ್ದಳು. ನಾನು ಹುಟ್ಟು ನಿಲ್ಲಿಸಿ ಅವಳ ಮುಖ ನೋಡಿದೆ. ಬಂದೆ ಎಂದವನು ನಾನೋ ಅಲ್ಲವೋ, ಇವತ್ತಿಗೂ ತಿಳಿಯದು. ಹೋಗಿ ಮುಟ್ಟಿದವಳು ನಮ್ಮ ಮನೆಯ ಮಗಳು.