ಕಂಡಿದ್ದಾ, ಕೇಳಿದ್ದಾ?

ಹಳೇ ಬೈಕಿನ ವ್ಯಾಪಾರದಲ್ಲಿ ಗಾಡಿಗಿಂತ ಹೆಚ್ಚು ಜಾಗ ತಿನ್ನುವುದು ಕಾಗದ. ಹೋದ ತಿಂಗಳು ಶಿಕಾರಿಪುರದ ಅಂಗಡಿಗೆ ಬಣ್ಣ ಹೊಡೆಸಬೇಕೆಂದು ಕಪಾಟು ಖಾಲಿ ಮಾಡುತ್ತಿದ್ದೆ. ಸೊರಬದಲ್ಲಿ ವ್ಯಾಪಾರ ಮಾಡುತ್ತಿದ್ದ ಕಾಲದ ಒಂದು ರೆಕ್ಸಿನ್ ಚೀಲ ಸಿಕ್ಕಿತು. ಒಳಗೆ ಯಾರ್ಯಾರದೋ ಆರ್‌ಸಿ ಬುಕ್ಕಿನ ಜೆರಾಕ್ಸು, ಅವಧಿ ಮುಗಿದ ಇನ್ಶೂರೆನ್ಸು, ನಡುವೆ ಮಡಚಿಟ್ಟ ಒಂದು ಕಾರ್ಬನ್ ಹಾಳೆ. ಎತ್ತಿಕೊಂಡರೆ ಹೆಬ್ಬೆರಳು ನೀಲಿಯಾಯಿತು. ಮೂಗಿನ ಹತ್ತಿರ ತಂದೆ. ಮೇಣಕ್ಕೂ ಸೀಮೆಎಣ್ಣೆಗೂ ನಡುವಿನ ಆ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ...

ಅದು ಟೈಪಿಸ್ಟ್ ಅಕ್ಕನ ವಾಸನೆ. ಅವರ ಸೀರೆಯ ಸೆರಗು, ಊಟದ ಡಬ್ಬಿ, ಕೊಟ್ಟ ಚಿಲ್ಲರೆ ಎಲ್ಲಕ್ಕೂ ಅದೇ ವಾಸನೆ ಇರುತ್ತಿತ್ತು.

ಸೊರಬದ ಕೋರ್ಟಿನ ಕಾಂಪೌಂಡಿಗೆ ಒರಗಿದಂತೆ ಒಂದು ತಗಡಿನ ಮಾಡು, ಅದರ ಕೆಳಗೆ ಅವರ ಮೇಜು, ಮೇಜಿನ ಮೇಲೆ ಕನ್ನಡದ ಟೈಪ್‌ರೈಟರ್. ರಸ್ತೆಯ ಈಚೆ ಬದಿಯಲ್ಲಿ ನನ್ನ ಶೆಡ್ಡು. ಗ್ಯಾರೇಜಿನಲ್ಲಿ ಗಾಡಿ ತೊಳೆಯುವ ಕೆಲಸದಿಂದ ಶುರುಮಾಡಿ, ಎರಡು ಹಳೇ ಬೈಕು ಇಟ್ಟುಕೊಂಡು ಸ್ವಂತ ವ್ಯಾಪಾರಕ್ಕೆ ಇಳಿದಿದ್ದೆ. ಗಾಡಿ ಮಾರಿದಾಗೆಲ್ಲ ಒಂದು ಕರಾರು ಪತ್ರ, ಒಂದು ಪ್ರಮಾಣಪತ್ರ ಬೇಕು. ದಿನಕ್ಕೆ ಎರಡು ಸಲವಾದರೂ ರಸ್ತೆ ದಾಟುತ್ತಿದ್ದೆ.

ಅಕ್ಕನದು ಒಂದು ಪದ್ಧತಿ. ಎದುರು ಕೂತವರು ಹೇಳುತ್ತಾ ಹೋದಂತೆ ಬೆರಳು ಓಡುತ್ತಿತ್ತು. ‘ನೋಡಿದೆ’ ಎಂಬ ಮಾತು ಬಂದ ಕೂಡಲೇ ನಿಂತುಬಿಡುತ್ತಿತ್ತು. ಒಮ್ಮೆ ಒಬ್ಬ ರೈತ, ಪಕ್ಕದವನ ದನ ತನ್ನ ಜೋಳಕ್ಕೆ ನುಗ್ಗಿದ್ದರ ಬಗ್ಗೆ ಬರೆಸಲು ಬಂದಿದ್ದ.

“ದನ ನುಗ್ಗಿದ್ದು ಕಂಡಿದ್ದಾ, ಕೇಳಿದ್ದಾ?” ಅಂದರು ಅಕ್ಕ.

“ಹೆಜ್ಜೆ ಕಂಡೆ ಅಕ್ಕಾ.”

“ಹಂಗಾರೆ ಹೆಜ್ಜೆ ಕಂಡೆ ಅಂತ ಹೊಡಿತೀನಿ. ದನ ಕಂಡೆ ಅಂತ ಹೊಡಿಯಲ್ಲ.”

“ಹೆಜ್ಜೆ ಒಂದೇ ಬಂದು ಜೋಳ ತಿಂತದೇನಕ್ಕಾ?”

“ಅದನ್ನ ಜಡ್ಜ್ ಸಾಹೇಬ್ರು ಯೋಚ್ನೆ ಮಾಡ್ತಾರೆ. ನಿಂಗೂ ನಂಗೂ ಅಷ್ಟು ಸಂಬಳ ಕೊಡಲ್ಲ.”

ಹಳೇ ಗಾಡಿ ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವ ಒಂದು ಮಾತಿದೆ: ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ, ಬಿಸಿಯಾದ ಎಂಜಿನ್ನು ಯಾರು ಒದ್ದರೂ ಎದ್ದೇಳುತ್ತದೆ. ಮಾತೂ ಹಾಗೇ, ತಣ್ಣಗಾದ ಮೇಲೇ ಪರೀಕ್ಷೆ ಮಾಡಬೇಕು. ಅಕ್ಕ ಮಾಡುತ್ತಿದ್ದದ್ದು ಅದನ್ನೇ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ವಕೀಲರ ಸಂಘದ ಸುದ್ದಿಯೆಲ್ಲ ಪತ್ರಿಕೆಗೆ ಹೋಗುತ್ತಿದ್ದದ್ದು ಅವರ ಮಿಷಿನ್ನಿನಿಂದಲೇ. ಯಾರು ಅಧ್ಯಕ್ಷರಾದರು, ಯಾಕೆ ಕಲಾಪದಿಂದ ಹೊರಗುಳಿದರು, ಯಾರ ನಿಧನಕ್ಕೆ ಮೌನ ಆಚರಿಸಿದರು... ಯಾರ ಹೆಸರು ಮೊದಲು ಬರಬೇಕೆಂದು ಮೇಜಿನ ಮುಂದೆಯೇ ಜಗಳವಾಗುತ್ತಿತ್ತು. “ಬದುಕಿದ್ದಾಗ ಒಬ್ಬರಿಗೊಬ್ಬರು ಆಗಲ್ಲ. ಸತ್ತ ಮೇಲೆ ಎಲ್ಲರೂ ‘ಸರಳ ಸಜ್ಜನಿಕೆಯ’ ವಕೀಲರೇ. ಆ ಎರಡು ಪದಕ್ಕೇ ನನ್ನ ರಿಬ್ಬನ್ ಅರ್ಧ ಸವೆದದೆ ನೋಡು ಮಾರಾಯ,” ಎಂದು ನಗುತ್ತಿದ್ದರು. ಪೇಪರಿನಲ್ಲಿ ಆ ಸುದ್ದಿಗಳನ್ನು ಹುಡುಕಿ ಓದುವ ಚಟ ನನಗೆ ಹತ್ತಿದ್ದು ಅವರಿಂದ. ಈಗಲೂ ಬಿಟ್ಟಿಲ್ಲ.

ಆ ವರ್ಷ ಟೀವಿಯಲ್ಲಿ ಒಂದು ದೊಡ್ಡ ಕೊಲೆ ಕೇಸು ನಡೆಯುತ್ತಿತ್ತು. ಕೋರ್ಟಿನಲ್ಲಿ ಒಂದು ಗಂಟೆ ನಡೆದರೆ ಟೀವಿಯಲ್ಲಿ ಹತ್ತು ಗಂಟೆ. ನನ್ನ ಶೆಡ್ಡಿನಲ್ಲಿ ಗಿರಾಕಿಗಳಿಗಾಗಿ ಟೀವಿ ಇಟ್ಟಿದ್ದೆ. ಮಧ್ಯಾಹ್ನ ಕೋರ್ಟು ಬಿಟ್ಟ ಕೂಡಲೇ ಕಿರಿಯ ವಕೀಲರು ಕೋಟು ತೋಳಿಗೆ ಹಾಕಿಕೊಂಡು ಬಂದು ಬೈಕಿನ ಸೀಟುಗಳ ಮೇಲೆ ಕೂರುತ್ತಿದ್ದರು. ಅಕ್ಕ ಡಬ್ಬಿ ಹಿಡಿದು ಬಾಗಿಲ ಬಳಿಯ ಸ್ಟೂಲಿನಲ್ಲಿ. ಪರದೆಯ ಮೇಲೆ ಆರೋಪಿಯ ಮುಖಕ್ಕೆ ಕೆಂಪು ಸುತ್ತು ಹಾಕಿ, ಡಮಾರ್ ಎಂದು ಸದ್ದು ಮಾಡಿ ‘ಕೊಲೆಗಾರ’ ಎಂದು ಬರೆಯುತ್ತಿದ್ದರು.

“ಇನ್ನೂ ಸಾಕ್ಷಿಗಳ ಪಾಟೀಸವಾಲೇ ಆಗಿಲ್ಲ, ಇವ ಆಗ್ಲೇ ತೀರ್ಪು ಕೊಟ್ಟು ಮುಗಿಸಿದ,” ಎನ್ನುತ್ತಿದ್ದರು ಅಕ್ಕ.

“ಮುಖ ನೋಡಿದ್ರೇ ಗೊತ್ತಾಗ್ತತಲ್ಲಕ್ಕಾ,” ಎಂದೆ ನಾನೊಮ್ಮೆ.

“ಮುಖ ನೋಡಿ ನೀನು ಗಾಡಿ ರೇಟು ಹೇಳು. ಮನುಷ್ಯರದ್ದು ಬೇಡ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ತಾಲ್ಲೂಕಿನಲ್ಲೇ ಒಬ್ಬ ಗುತ್ತಿಗೆದಾರನ ಕೊಲೆಯಾಯಿತು. ಅವನ ಹತ್ತಿರ ಟಿಪ್ಪರ್ ಓಡಿಸುತ್ತಿದ್ದ ಆನವಟ್ಟಿ ಕಡೆಯವನೊಬ್ಬನನ್ನು ಪೊಲೀಸರು ಹಿಡಿದರು. ಮೂರನೇ ದಿನ ಬೆಂಗಳೂರಿನಿಂದ ಟೀವಿಯವರ ಕಾರು ಬಂತು. ಕೋರ್ಟಿನ ಎದುರು ಇದ್ದವನು ನಾನು. ಮಾತಾಡಲು ಬರುವವನೂ ನಾನೇ. ಮೈಕು ಮುಂದೆ ಹಿಡಿದರು.

ನಮ್ಮ ವ್ಯಾಪಾರದಲ್ಲಿ ಒಂದು ಮಾತುಂಟು: ‘ಕಣ್ಣಾರೆ ಕಂಡ ಗಾಡಿ.’ ಹಾವೇರಿಯಲ್ಲಿರುವ ಗಾಡಿಯ ಬಗ್ಗೆ ಫೋನಿನಲ್ಲಿ ಕೇಳಿಕೊಂಡಿರುತ್ತೇವೆ, ಗಿರಾಕಿಗೆ ಮಾತ್ರ “ಕಣ್ಣಾರೆ ಕಂಡೀನ್ರೀ, ಒಂದು ಗೀರಿಲ್ಲ,” ಎನ್ನುತ್ತೇವೆ. ಸುಳ್ಳು ಎಂದು ಅನ್ನಿಸುವುದೇ ಇಲ್ಲ, ಅಷ್ಟು ರೂಢಿ. ಕೊಲೆಯಾದ ದಿನ ಸಂಜೆ ಆ ಡ್ರೈವರ್ ಗುಡವಿ ರಸ್ತೆಯ ಪಕ್ಕ ನೀರಿನಲ್ಲಿ ಕೈ ತೊಳೆಯುತ್ತಿದ್ದನಂತೆ ಎಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಮೈಕಿನ ಮುಂದೆ ನನ್ನ ಬಾಯಿಂದ ಆ ‘ಅಂತೆ’ ಬಿದ್ದುಹೋಯಿತು. “ನಾನೇ ಕಣ್ಣಾರೆ ಕಂಡೆ. ಕೈ ತೊಳೀತಾ ಇದ್ದ,” ಎಂದೆ.

ಸಂಜೆವರೆಗೆ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದರು. ನನ್ನ ಮುಖದ ಪಕ್ಕದಲ್ಲಿ ಅವನ ಮುಖ, ಅದಕ್ಕೆ ಕೆಂಪು ಸುತ್ತು. ಮರುದಿನ ಒಬ್ಬ ಪೇದೆ ಬಂದು ಕೇಳಿದಾಗ, “ಅದು ಟೀವಿಗೆ ಸುಮ್ನೆ ಹೇಳಿದ್ದು ಸಾರ್, ನಾನೇನೂ ನೋಡಿಲ್ಲ,” ಎಂದು ಕೈಮುಗಿದೆ. ಬೈದು, ಸಾಕ್ಷಿ ಪಟ್ಟಿಗೆ ಸೇರಿಸದೆ ಹೋದ. ನನ್ನ ಚರ್ಮ ಉಳಿಯಬೇಕಾದ ಕಡೆ ನಿಜ ಸಲೀಸಾಗಿ ಬಂತು, ನೋಡಿ.

ಎರಡು ದಿನದಿಂದ ಅಕ್ಕನ ಮೇಜು ಖಾಲಿಯಿತ್ತು. ಮೂರನೆಯ ದಿನ ಅವರು ರಸ್ತೆ ದಾಟಿ ಬಂದರು. ಕೈಯಲ್ಲಿ ಟೈಪು ಮಾಡಿದ ಎರಡು ಹಾಳೆ, ನಡುವೆ ಕಾರ್ಬನ್. ಟೀವಿ ಆರಿಸಲು ಹೇಳಿದರು. ಆರಿಸಿದೆ.

“ಅವ ನನ್ನ ತಮ್ಮ,” ಅಂದರು.

ನನಗೆ ಗೊತ್ತಿರಲಿಲ್ಲ. ದಿನಾ ಕಾಣುತ್ತಿದ್ದ ಮನುಷ್ಯರಿಗೆ ತಮ್ಮನೊಬ್ಬ ಇದ್ದಾನೆಂದು ನಾನು ಕೇಳಿಯೇ ಇರಲಿಲ್ಲ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಅಕ್ಕ, ನನಗೂ ಅಕ್ಕ.

“ಕಂಡಿದ್ದಾ, ಕೇಳಿದ್ದಾ?”

ತಲೆ ತಗ್ಗಿಸಿದೆ. “ಕೇಳಿದ್ದು ಅಕ್ಕಾ.”

“ಅಷ್ಟನ್ನೇ ಬರ್ದೀನಿ. ಸೈನ್ ಹಾಕು. ಒಂದು ಟೀವಿಯವ್ರಿಗೆ, ಒಂದು ಇಲ್ಲಿನ ಪೇಪರಿಗೆ ಕಳಿಸ್ತೀನಿ. ಕೋರ್ಟಲ್ಲಿ ಅವನ ಕೇಸು ಅವ ನೋಡ್ಕತಾನೆ. ಊರಲ್ಲಿ ನಮ್ಮವ್ವಂಗೆ ನೀರಿಗೆ ಹೋಗಕ್ಕೆ ಆಗ್ತಿಲ್ಲ ಮಾರಾಯ.”

ಅಲ್ಲೇ ಸಹಿ ಹಾಕಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ನಾನು ಹಾಳೆ ಓದಿ ಚೌಕಾಸಿಗೆ ಇಳಿದೆ. “‘ಸುಳ್ಳು ಹೇಳಿದ್ದೇನೆ’ ಅಂತ ಐತಲ್ಲಕ್ಕಾ, ‘ತಪ್ಪು ತಿಳುವಳಿಕೆಯಿಂದ’ ಅಂತ ಮಾಡಿದ್ರೆ?” ಟೀವಿಯಲ್ಲಿ ಬಂದ ಮೇಲೆ ಸುತ್ತಲ ಹಳ್ಳಿಗಳಿಂದ ಜನ ನನ್ನನ್ನು ನೋಡಲೆಂದೇ ಬರುತ್ತಿದ್ದರು, ಬಂದವರು ಗಾಡಿಯನ್ನೂ ನೋಡುತ್ತಿದ್ದರು. ಸುಳ್ಳ ಎಂದು ಸಹಿ ಹಾಕಿದವನ ಹತ್ತಿರ ಗಾಡಿ ಯಾರು ಕೊಳ್ಳುತ್ತಾರೆ?

“ಇದು ಗಾಡಿ ವ್ಯಾಪಾರ ಅಲ್ಲ ಮಾರಾಯ,” ಅಂದರು ಅಕ್ಕ. ಆದರೂ ಹೋಗಿ ತಿದ್ದಿ ತಂದರು, ನಾನು ಕೇಳಿದ ಹಾಗೇ. ಆಗ ನಾನು, “ಯಾರಾದ್ರೂ ವಕೀಲ್ರನ್ನ ಒಂದು ಮಾತು ಕೇಳ್ತೀನಕ್ಕಾ, ಇಟ್ಟು ಹೋಗ್ರಿ, ನಾಳೆ ಹಾಕಿಟ್ಟಿರ್ತೀನಿ,” ಎಂದೆ. ಹಾಳೆಗಳನ್ನು ಕಾರ್ಬನ್ ಸಮೇತ ರೆಕ್ಸಿನ್ ಚೀಲಕ್ಕೆ ಸೇರಿಸಿದೆ. ಯಾವ ವಕೀಲರನ್ನೂ ಕೇಳಲಿಲ್ಲ.

ಮರುದಿನ ಅವರು ರಸ್ತೆ ದಾಟುವುದು ಕಾಣಿಸಿತು. ಶೆಡ್ಡಿನ ಹಿಂಭಾಗಕ್ಕೆ ಹೋಗಿ, ಬಿಚ್ಚಿಟ್ಟಿದ್ದ ಒಂದು ಗಾಡಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಕೋರ್ಟಿನಲ್ಲಿ ಕೇಸು ಕೂಗುವುದನ್ನು ಕೇಳಿದ್ದೀರಲ್ಲ? ಜವಾನ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗುತ್ತಾನೆ. ಮೂರಕ್ಕೂ ಓಗೊಡದಿದ್ದರೆ ಗೈರುಹಾಜರಿ ಎಂದು ಬರೆದುಕೊಳ್ಳುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತು ಹಾಗೇ ಕೂಗಿದರು. ನನ್ನ ಹೆಸರು, ಬಿನ್, ನನ್ನ ಅಪ್ಪನ ಹೆಸರು, “ಹಾಜರಿದ್ದಾರಾ?” ಒಂದು ಸಲ. ಸ್ವಲ್ಪ ಬಿಟ್ಟು ಎರಡನೇ ಸಲ. ಮೂರನೆಯದಕ್ಕೆ ಧ್ವನಿ ಒಡೆದಿತ್ತು... ನನ್ನ ಕೈಯಲ್ಲಿ ಒಂದು ಸ್ಪಾರ್ಕ್ ಪ್ಲಗ್ ಇತ್ತು. ಅದನ್ನೇ ಒರೆಸುತ್ತಾ ಕೂತಿದ್ದೆ.

ಆಮೇಲೆ ಅವರು ಬರಲಿಲ್ಲ. ಆರೋಪಿಯ ಅಕ್ಕನ ಹತ್ತಿರ ಪ್ರಮಾಣಪತ್ರ ಹೊಡೆಸಲು ಜನ ಹಿಂಜರಿದರು. ಆ ಬೇಸಿಗೆ ಮುಗಿಯುವುದರೊಳಗೆ ಮೇಜು, ಮಿಷಿನ್ನು ಆನವಟ್ಟಿಯ ಬಸ್ಸು ಹತ್ತಿದವು. ನಾನೂ ವ್ಯಾಪಾರ ಬೆಳೆದು ಶಿಕಾರಿಪುರಕ್ಕೆ ಬಂದೆ. ಕೆಲವು ವರ್ಷಗಳ ಮೇಲೆ ಪೇಪರಿನ ಒಳಪುಟದಲ್ಲಿ ಎರಡು ಸಾಲು ಓದಿದೆ: ಕೊಲೆ ಪ್ರಕರಣದ ಆರೋಪಿ ಖುಲಾಸೆ. ಟೀವಿಯಲ್ಲಿ ಬರುತ್ತದೇನೋ ಎಂದು ಅವತ್ತು ಸಂಜೆಯವರೆಗೂ ಹಾಕಿಕೊಂಡೇ ಇದ್ದೆ. ಬೇರೆ ಯಾವುದೋ ಕೊಲೆ ಬರುತ್ತಿತ್ತು.

ಸಿಕ್ಕಿದ ಕಾರ್ಬನ್ನನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಜೊತೆಗಿದ್ದ ಹಾಳೆಗಳು ಎಲ್ಲಿ ಹೋದವೋ ಗೊತ್ತಿಲ್ಲ. ತೂತು ಬೀಳುವವರೆಗೆ ಒಂದೇ ಕಾರ್ಬನ್ ಬಳಸುವ ಅಕ್ಕ ಅವತ್ತು ತಿದ್ದಿದ ಹಾಳೆಗೆ ಹೊಸದು ಹಾಕಿದ್ದರು. ಒಂದೇ ಸಲ ಹೊಡೆದದ್ದರಿಂದ ಅಕ್ಷರಗಳೆಲ್ಲ ಬೆಳ್ಳಗೆ ಕಂಡವು. ‘...ನಾನು ಕಂಡಿರುವುದಿಲ್ಲ, ಕೇಳಿರುತ್ತೇನೆ.’ ಅದರ ಮೇಲಿನ ಸಾಲಿನಲ್ಲಿ ‘ತಪ್ಪು ತಿಳುವಳಿಕೆಯಿಂದ’. ನಾನು ಚೌಕಾಸಿ ಮಾಡಿ ಗೆದ್ದುಕೊಂಡ ಮಾತು.

ಮರುದಿನವೇ ಸೊರಬಕ್ಕೆ ಹೋದೆ. ತಗಡಿನ ಮಾಡು ಇದ್ದಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ಅವತ್ತು ನನ್ನ ಶೆಡ್ಡಿನಲ್ಲಿ ಕೂತು ಟೀವಿ ನೋಡುತ್ತಿದ್ದ ಒಬ್ಬ ಕಿರಿಯ ವಕೀಲರು ಈಗ ತಲೆ ನರೆತು ಹಿರಿಯರಾಗಿದ್ದಾರೆ. ಅಕ್ಕನ ಬಗ್ಗೆ ಕೇಳಿದೆ.

“ಹೋಗ್ಬಿಟ್ರಲ್ರೀ, ಹೋದ ಮಳೆಗಾಲದಲ್ಲೇ. ಸಂಘದಲ್ಲಿ ಮೌನ ಆಚರಿಸಿದ್ವಿ. ಪೇಪರಲ್ಲೂ ಬಂದಿತ್ತಲ್ಲ, ನೀವು ನೋಡ್ಲಿಲ್ವಾ?”

ಅವರು ಹೆಸರು ಹೇಳಿದರು. ಓದಿದ್ದೆ. ಆ ಸುದ್ದಿಯನ್ನು ನಾನು ಓದಿದ್ದೆ. ‘ಸರಳ ಸಜ್ಜನಿಕೆಯ’ ಎಂಬ ಮಾತೂ ಇತ್ತು. ಟೈಪಿಸ್ಟ್ ಎಂದೇನೂ ಇರಲಿಲ್ಲ, ಯಾರೋ ವಕೀಲರು ಅಂದುಕೊಂಡು ಪುಟ ಮಗುಚಿದ್ದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯವರನ್ನು ಒಂದು ಸಲ ಊರ ಬಾಯಿಗೆ ಹಾಕಿದ್ದೇ ಸಾಕು.

ಕೋರ್ಟಿನ ಎದುರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಕಾರ್ಬನ್ನಿನಲ್ಲಿದ್ದುದನ್ನು ಓದಿ ಹೇಳಿ ಟೈಪು ಮಾಡಿಸಿದೆ. ಒಂದೇ ಕಡೆ ತಿದ್ದಿಸಿದೆ: ‘ತಪ್ಪು ತಿಳುವಳಿಕೆಯಿಂದ’ ತೆಗೆಸಿ, ಮೊದಲಿದ್ದ ಹಾಗೆ ‘ಸುಳ್ಳು ಹೇಳಿದ್ದೇನೆ’ ಎಂದು ಹಾಕಿಸಿದೆ. ಅಂಗಡಿಯ ಹೆಣ್ಣುಮಗಳು ಹಾಳೆ ಕೊಡುತ್ತಾ, “ಇದನ್ನ ಎಲ್ಲಿಗೆ ಕೊಡಬೇಕು ಸಾರ್?” ಎಂದಳು.

ದುಡ್ಡು ಕೊಟ್ಟು ಹೊರಗೆ ಬಂದೆ. ರಸ್ತೆ ದಾಟಿ, ಮಾಡು ಇದ್ದ ಜಾಗದಲ್ಲಿ ನಿಂತು, ಯಾರದೋ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದೆ. ಅಕ್ಕನ ತಮ್ಮ ಈಗಲೂ ಆನವಟ್ಟಿಯಲ್ಲೇ ಇದ್ದಾನಂತೆ. ವಕೀಲರು ಹೇಳಿದ್ದು, ನಾನು ಕಂಡಿಲ್ಲ.

ಒಳಗೆ ಜವಾನ ಯಾರದೋ ಹೆಸರು ಕೂಗಿದ. ಎರಡನೇ ಸಲ ಕೂಗಿದ. ಮೂರನೇ ಸಲಕ್ಕೆ ಟೀ ಅಂಗಡಿಯಿಂದ ಒಬ್ಬ ಮುದುಕ, ಲೋಟ ಅಲ್ಲೇ ಬಿಟ್ಟು, “ಬಂದೇ ಸ್ವಾಮೀ, ಇದೀನಿ,” ಎನ್ನುತ್ತಾ ಓಡಿದ.