ಒಂದು ಚಿಪ್‌ನ ಉಪ್ಪುಗಾಳಿ ಪರೀಕ್ಷೆ

ಜುಲೈ ೭, ಸೋಮವಾರ, ಬೆಳಿಗ್ಗೆ ಏಳೂಕಾಲು. ಕಾಪುವಿನ ಅತ್ತೆ ಮನೆಯ ಹಿತ್ತಿಲಿನಲ್ಲಿ, ಬಟ್ಟೆ ಒಣಗಿಸುವ ತಂತಿಗೆ ನನ್ನ ಚಿಪ್ ಇರುವ ಬೋರ್ಡನ್ನು ಕಟ್ಟಿದೆ. ಅಲ್ಲಿಂದ ಕಡಲಿಗೆ ಒಂದು ರಸ್ತೆ ಮಾತ್ರ ಅಡ್ಡ.

ನಾನು ಮಣಿಪಾಲದಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ಉಪ್ಪು, ತೇವ ತಾಗಿದರೂ ಕೆಡದ ಚಿಪ್ ಮಾಡುವುದು ನನ್ನ ಪ್ರಾಜೆಕ್ಟ್. ಪ್ರಯೋಗಾಲಯದಲ್ಲಿ ಉಪ್ಪುನೀರು ಸಿಂಪಡಿಸುವ ಪೆಟ್ಟಿಗೆಯೊಳಗೆ ಅದು ಬದುಕಿತ್ತು. ಗೈಡ್ ಮೇಡಂಗೆ ಅಷ್ಟು ಸಾಲಲಿಲ್ಲ. “ನಿಜವಾದ ಕಡಲಗಾಳಿಯಲ್ಲಿ ಮೂವತ್ತು ದಿನ ಇಡು. ಬದುಕಲಿ, ಸಾಯಲಿ, ಅಂಕಿ ತಾ. ಆಮೇಲೆ ಸಹಿ” ಎಂದರು. ಸಹಿ ಸಿಗದಿದ್ದರೆ ನನಗೆ ಇನ್ನೊಂದು ಸೆಮಿಸ್ಟರ್.

ಸುತ್ತಲಿನ ತೇವ ಎಷ್ಟೆಂದು ಚಿಪ್ ಗಂಟೆಗೊಮ್ಮೆ ತಾನೇ ದಾಖಲಿಸುತ್ತದೆ. ಹತ್ತನೆಯ ದಿನ ಹೋಗಿ ಅಂಕಿಗಳನ್ನು ತಂದು ಮೇಡಂಗೆ ತೋರಿಸಿದೆ. ಪ್ರತಿ ಸಂಜೆ ಆರಕ್ಕೆ ತೇವ ಇಳಿದಿತ್ತು, ಬೆಳಿಗ್ಗೆ ಏಳಕ್ಕೆ ಏರಿತ್ತು. ಆ ಎಲ್ಲ ರಾತ್ರಿಯೂ ಜಡಿಮಳೆ.

“ಎಂತ ಇದು, ಕಾಪು ರಾತ್ರಿ ಮರುಭೂಮಿ ಆಗ್ತದಾ?” ಎಂದು ಮೇಡಂ ಕೇಳಿದರು.

ಅತ್ತೆಗೆ ಫೋನ್ ಮಾಡಿದೆ.

“ಅದನ್ನು ಹೊರಗೆ ಬಿಡ್ಲಿಕ್ಕೆ ಆಗ್ತದಾ ಮಾರಾಯ? ಉಪ್ಪುಗಾಳಿಗೆ ಹಾಳಾಗ್ತದಲ್ವಾ? ಸಂಜೆ ಒರೆಸಿ ಅಕ್ಕಿ ಡ್ರಮ್ಮಿನಲ್ಲಿ ಹಾಕ್ತೇನೆ. ನಿನ್ನ ಮಾವನ ಮೊಬೈಲ್ ಬಾವಿಗೆ ಬಿದ್ದಾಗ ಅದೇ ಡ್ರಮ್ಮು ಉಳಿಸಿದ್ದು.”

“ಅತ್ತೆ, ಹಾಳಾಗ್ತದಾ ಅಂತ ನೋಡ್ಲಿಕ್ಕೇ ಅಲ್ಲಿ ಕಟ್ಟಿದ್ದು.”

“ಹಾಳಾಗ್ತದೆ ಅಂತ ನಾನೇ ಹೇಳ್ತೇನಲ್ಲ, ಮತ್ತೆ ನೋಡ್ಲಿಕ್ಕೆ ಎಂತ ಉಂಟು?”

ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಈ ಸಲ ಅತ್ತೆಗೆ ತಿಳಿಸದೆ ಪಕ್ಕದ ಮನೆಯವರ ದೋಣಿಗೆ ಕಟ್ಟಿದೆ. ಮಳೆಗಾಲವೆಂದು ದೋಣಿಯನ್ನು ದಡಕ್ಕೆ ಎಳೆದು ಇಟ್ಟಿದ್ದರು. ಪರೀಕ್ಷೆ ಏಕೆ, ಹೇಗೆ ಎಂದು ಅವರಿಗೆ ಅರ್ಧ ಗಂಟೆ ವಿವರಿಸಿದೆ. ಎಲ್ಲದಕ್ಕೂ ತಲೆಯಾಡಿಸಿದರು. ನಾಲ್ಕನೆಯ ದಿನ ಹೋಗಿ ನೋಡಿದರೆ, ಬೋರ್ಡಿಗೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಬಲೆಯ ಹಗ್ಗದಿಂದ ಬಿಗಿದಿದ್ದರು. ದೋಣಿಗೆ ಏನೂ ಹೊದಿಸಿರಲಿಲ್ಲ.

“ಕಲಿಯುವ ಮಕ್ಕಳ ವಸ್ತು ನೆನೀತಾ ಉಂಟು, ಮನಸ್ಸು ಕೇಳಲಿಲ್ಲ” ಎಂದರು. ಜೊತೆಗೆ, ಮೊದಲ ದಿನ ಚೀಲ ಸಿಗಲಿಲ್ಲವೆಂದು ಕ್ಷಮೆಯನ್ನೂ ಕೇಳಿದರು.

ಈವರೆಗಿನ ಲೆಕ್ಕ: ಪ್ರಯತ್ನ ಎರಡು, ಪರರ ದಯೆಯಿಂದ ಕೆಟ್ಟದ್ದು ಎರಡು, ಪೂರ್ತಿ ಉಪ್ಪುಗಾಳಿ ಸಿಕ್ಕ ದಿನ ಒಂದು. ಚಿಪ್ ಹೊಸದರಂತೆ ಹೊಳೆಯುತ್ತಿದೆ. ಅದು ಗಟ್ಟಿಯೋ ಅಲ್ಲವೋ ನನಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ಗಡುವಿಗೆ ಐದೇ ವಾರ ಬಾಕಿ.

ಕಾಪುವಿನಿಂದ ಉಡುಪಿಯವರೆಗಿನ ಕಡಲ ಬದಿಯಲ್ಲಿ, ಮಳೆಯಲ್ಲಿ ನೆನೆಯುತ್ತಿರುವ ವಸ್ತುವನ್ನು ಕಂಡೂ ಎತ್ತಿ ಒಳಗಿಡದ ಒಂದು ಮನೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ.