ಮಾವನವರು ಮೆಚ್ಚಿದ ಮಂದ್ರ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ಸಂಗೀತ ಕೇಳಿದ್ದು ನನ್ನ ಮಾವನವರೊಬ್ಬರೇ. ನಾನು ಕೇಳುತ್ತಿದ್ದದ್ದು ಪಕ್ಕದ ರೈಸ್‌ಮಿಲ್ಲಿನ ಸದ್ದನ್ನು.

ನನ್ನ ವಾಲ್ವ್ ಆಂಪ್ಲಿಫೈಯರ್ ಹೇಗಿದೆ ಎಂದು ಕೇಳಿ ನೋಡಲು ಅವರು ತಮ್ಮದೇ ರೆಕಾರ್ಡು ಹಿಡಿದು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಂದಿದ್ದರು. ಇಲ್ಲಿ ಮಿಲ್ಲು ನಿಂತ ಕೂಡಲೇ ಮನೆಯ ವೋಲ್ಟೇಜು ಜಿಗಿಯುತ್ತದೆ. ಹೋದ ಸಲ ಹಾಗೆ ಜಿಗಿದು ವಾಲ್ವ್ ಸುಟ್ಟುಹೋಗಿದ್ದವು. ಹೊಸವು ಮದ್ರಾಸಿನಿಂದ ಬರುವಷ್ಟರಲ್ಲಿ ನನ್ನ ಜೀವ ಹೋಗಿತ್ತು.

“ಕಣ್ಣು ಮುಚ್ಚಿ ಕೇಳ್ರಿ ಅಳಿಯಂದ್ರ, ಎದುರಿಗೇ ಕುಂತು ಹಾಡಿದಂಗ ಐತಿ,” ಎಂದರು. ಕಣ್ಣು ಮುಚ್ಚಿದೆ. ಸದ್ಯ, ಮಿಲ್ಲು ಓಡುತ್ತಿತ್ತು.

“ದನಿ ಎಷ್ಟು ಮೆತ್ತಗ ಐತ್ರಿ! ನಮ್ಮ ಟ್ರಾನ್ಸಿಸ್ಟರ್ ಸೆಟ್ಟು ಕಿವಿ ಕೆರೀತೈತಿ.”

“ಹೌದ್ರಿ ಮಾವಾರ. ಇವತ್ತಿಗೆ ಸಾಕಲ್ರಿ?”

“ಏ, ಈಗಿನ್ನೂ ಶುರುವಾಗೈತಿ!”

ಅಷ್ಟರಲ್ಲಿ ಮಿಲ್ಲಿನ ಸದ್ದು ಕುಗ್ಗಿತು. ಬಲ್ಬು ಝಗ್ಗನೆ ಹೊಳೆಯಿತು. ಹಾರಿಹೋಗಿ, ಆಂಪ್ಲಿಫೈಯರಿಗೂ ರೆಕಾರ್ಡ್ ಪ್ಲೇಯರಿಗೂ ಇದ್ದ ಒಂದೇ ಸ್ವಿಚ್ ಆರಿಸಿದೆ. ವಾಲ್ವ್ ಬಿಸಿಯಿದ್ದುದರಿಂದ ದನಿ ತಕ್ಷಣ ನಿಲ್ಲಲಿಲ್ಲ. ರೆಕಾರ್ಡು ಮಾತ್ರ ನಿಧಾನವಾಗುತ್ತಾ ಹೋಗಿ, ಗಾಯಕರ ದನಿ ಕೆಳಗೆ ಕೆಳಗೆ ಇಳಿದು, ಕೋಣ ನರಳಿದಂತಾಗಿ ಅಡಗಿತು. ಮಾವನವರು ಕಣ್ಣು ತೆರೆದರು. ಬೈಸಿಕೊಳ್ಳಲು ತಯಾರಾದೆ.

“ಆಹಾ! ಮಂದ್ರಕ್ಕ ಹೆಂಗ ಇಳದಾರ ನೋಡ್ರಿ! ಇಷ್ಟು ವರ್ಷ ನಮ್ಮ ಸೆಟ್ಟಿನಾಗ ಇದು ಕೇಳಿಸೇ ಇರಲಿಲ್ಲ!”

ನಾಳೆ ಗೆಳೆಯರನ್ನೂ ಕರೆತರುತ್ತಾರಂತೆ. ಅದೇ ಜಾಗ ಕೇಳಿಸಬೇಕಂತೆ. ಮಿಲ್ಲಿನ ಚಿಂತೆ ಹಾಗಿರಲಿ, ಸರಿಯಾಗಿ ಅಲ್ಲಿಗೇ ಸ್ವಿಚ್ ಆರಿಸುವಷ್ಟು ತಾಳಜ್ಞಾನ ನನಗೆಲ್ಲಿಂದ ಬರಬೇಕು?